ಕತ್ತರಿಯಕ್ಕ ಬಿಟ್ಟ ಕೋಶಗಳು

ಅವಳನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ದರ್ಜಿಯಾದ್ದರಿಂದ ಆ ಹೆಸರು ಅಂಗಡಿಯಿಂದ ಬಂದದ್ದೆಂದು ಹೊಸಬರು ತಿಳಿಯುತ್ತಿದ್ದರು. ಹಾಗಲ್ಲ. ಅವಳ ಕತ್ತರಿಯೇ ಬೇರೆ. ಬೆರಳುದ್ದದ್ದು, ತುದಿ ತುಸು ಬಾಗಿದ್ದು, ಒಂದು ದಿನವೂ ಬಟ್ಟೆ ಮುಟ್ಟದ್ದು. ಆಸ್ಪತ್ರೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತು, ಅದರಿಂದ ಅವಳು ವರ್ಣತಂತುಗಳನ್ನು ಕತ್ತರಿಸುತ್ತಿದ್ದಳು.

ಕತ್ತರಿಸುತ್ತಿದ್ದದ್ದು ಅವುಗಳ ಫೋಟೊವನ್ನು. ಮನುಷ್ಯನ ಒಂದೊಂದು ಕೋಶದಲ್ಲೂ ವರ್ಣತಂತುಗಳು ನಲವತ್ತಾರು. ಉಳಿದ ಹೊತ್ತಿನಲ್ಲಿ ಸಿಕ್ಕುಬಿದ್ದ ನೂಲಿನಂತೆ ಕಲಸಿಕೊಂಡಿರುತ್ತವೆ, ಬಿಡಿಬಿಡಿಯಾಗಿ ಕಾಣಿಸುವುದಿಲ್ಲ. ಕೋಶವೊಂದು ಎರಡಾಗಲು ಹೊರಟ ಗಳಿಗೆಯಲ್ಲಿ ಮಾತ್ರ ಒಂದೊಂದೂ ತನ್ನನ್ನು ತಾನೇ ಸುತ್ತಿಕೊಂಡು, ಗಿಡ್ಡಗೆ ದಪ್ಪಗೆ, ಹೊರಡಲು ಗಂಟು ಕಟ್ಟಿಕೊಂಡವರ ಹಾಗೆ ನಿಲ್ಲುತ್ತದೆ. ಆ ಗಳಿಗೆಯಲ್ಲಿ ಔಷಧಿ ಹಾಕಿ ಅವನ್ನು ತಡೆದು, ತೆಳು ಉಪ್ಪುನೀರಿನಲ್ಲಿ ಕೋಶವನ್ನು ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಹನಿಯಾಗಿ ಬೀಳಿಸಬೇಕು. ಬೀಳಿಸುವ ಮುಂಚೆ ಅವಳು ಗಾಜಿನ ಮೇಲೊಮ್ಮೆ ಉಸಿರು ಬಿಡುತ್ತಿದ್ದಳು. ಹಬೆ ಕೂತ ಗಾಜಿನ ಮೇಲೆ ಹನಿ ಚೆನ್ನಾಗಿ ಹರಡುತ್ತದೆ. ಬಣ್ಣ ಹಾಕಿ ದೊಡ್ಡ ಸೂಕ್ಷ್ಮದರ್ಶಕದಡಿ ಇಟ್ಟರೆ, ನೇರಳೆ ಬಣ್ಣದ ಚಿಕ್ಕ ಚಿಕ್ಕ ಕಡ್ಡಿಗಳು ಚೆಲ್ಲಿಕೊಂಡು ಕಾಣುತ್ತವೆ. ಫೋಟೊ ತೆಗೆದು, ಕಾಗದದ ಮೇಲೆ ಮೂಡಿಸಿ, ಒಂದೊಂದನ್ನೂ ಕತ್ತರಿಸಿ, ಜೋಡಿ ಹುಡುಕಿ, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ರಟ್ಟಿನ ಮೇಲೆ ಅಂಟಿಸಬೇಕು. ಒಂದು ಹೆಚ್ಚಿದೆಯೋ, ಒಂದು ಕಡಿಮೆಯೋ, ಒಂದರ ತುಂಡು ಇನ್ನೊಂದಕ್ಕೆ ಅಂಟಿದೆಯೋ, ಡಾಕ್ಟರು ಆ ರಟ್ಟು ನೋಡಿ ಹೇಳುತ್ತಿದ್ದರು.

"ನಾನು ಕತ್ತರಿಸಿದ್ದನ್ನ ಜನ ಮೈಮೇಲೆ ಹಾಕ್ಕೊಂಡು ಓಡಾಡ್ತಾರೆ. ಇವಳು ಕತ್ತರಿಸೋದನ್ನ ಹೊಟ್ಟೆಯೊಳಗೇ ಇಟ್ಕೊಂಡು ಹುಟ್ಟಿರ್ತಾರೆ. ಇವಳದ್ದೇ ದೊಡ್ಡ ಅಂಗಡಿ ಕಣ್ರಪ್ಪಾ" ಎಂದು ದರ್ಜಿ ಗಿರಾಕಿಗಳಿಗೆ ಹೇಳುತ್ತಿದ್ದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಡಾಕ್ಟರು ಅವಳಿಗೆ ಕಲಿಸಿದ ಮೊದಲ ಪಾಠವೆಂದರೆ ಬಿಡುವುದು. ಒಂದು ಗಾಜಿನ ಮೇಲೆ ಎರಡಾಗಿ ಒಡೆಯುತ್ತಿರುವ ಕೋಶಗಳು ಬೇಕಾದಷ್ಟಿರುತ್ತವೆ. ಕೆಲವು ಅಚ್ಚುಕಟ್ಟಾಗಿ ಹರಡಿರುತ್ತವೆ. ಕೆಲವು ಒಂದರ ಮೇಲೊಂದು ಬಿದ್ದು, ಅಡ್ಡಾದಿಡ್ಡಿಯಾಗಿ, ಯಾರ ಕಾಲು ಯಾರದೆಂದು ತಿಳಿಯದ ಹಾಗೆ ಇರುತ್ತವೆ. "ಒಂದರ ಮೇಲೊಂದು ಕೂತಿದ್ರೆ ಕತ್ತರಿ ಎಲ್ಲಿ ಆಡಿಸ್ತೀಯಮ್ಮ? ಅಂಥದ್ದನ್ನ ಬಿಡು, ಮುಂದಕ್ಕೆ ಹೋಗು" ಎಂದಿದ್ದರು ಅವರು. ಅವಳು ಬಿಡುವುದನ್ನು ಕಲಿತಳು. ಬರುಬರುತ್ತ ನೋಡುವ ಮೊದಲೇ ಬಿಡುವಷ್ಟು ಕಲಿತಳು. ಎಡಗೈ ಗಾಜನ್ನು ಜರುಗಿಸುವ ತಿರುಗಣೆಯನ್ನು ತಿರುಗಿಸುತ್ತಲೇ ಇರುತ್ತಿತ್ತು, ಗಾಜು ಕಣ್ಣಡಿಯಲ್ಲಿ ಜಾರುತ್ತಲೇ ಇರುತ್ತಿತ್ತು, ಚೆಂದದ್ದೊಂದು ಬಂದಾಗ ಮಾತ್ರ ಕೈ ತಾನಾಗಿ ನಿಲ್ಲುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಆರಿಸುವವರಿಗೆ ಪ್ರತಿ ಕಲ್ಲೂ ನೆನಪಿರುತ್ತದೆಯೇ?

ಬಿಡುತ್ತಿದ್ದವುಗಳಲ್ಲಿ ಒಂದು ಜಾತಿಯವನ್ನು ಮಾತ್ರ ಅವಳು ತುಸು ಅಕ್ಕರೆಯಿಂದಲೇ ಬಿಡುತ್ತಿದ್ದಳು. ನಲವತ್ತಾರರಲ್ಲಿ ಹತ್ತಕ್ಕೆ, ಅಂದರೆ ಐದು ಜೋಡಿಗೆ, ಸೊಂಟದಂತೆ ಕಿರಿದಾದ ಜಾಗದ ಮೇಲಿನ ತಲೆ ತೀರಾ ಚಿಕ್ಕದು. ಇವು ಎಷ್ಟೋ ಸಲ ಎರಡು ಮೂರು ಸೇರಿ ತಲೆಗೆ ತಲೆ ತಾಗಿಸಿಕೊಂಡು ನಿಂತಿರುತ್ತಿದ್ದವು. "ನೋಡು, ಮತ್ತೆ ಶುರುವಾಯ್ತು ಇವರ ಗುಟ್ಟು" ಎಂದು ಪಕ್ಕದವರಿಗೆ ತೋರಿಸಿ, ತಿರುಗಣೆ ತಿರುಗಿಸಿ ಮುಂದಕ್ಕೆ ಹೋಗುತ್ತಿದ್ದಳು. ತಲೆ ಕೂಡಿಕೊಂಡಿದ್ದರೆ ಯಾವುದು ಯಾವುದೆಂದು ಬಿಡಿಸಿ ಹೇಳುವುದು ಕಷ್ಟ.

ಕಂಪ್ಯೂಟರು ಬಂದು ಕತ್ತರಿಯ ಕೆಲಸ ನಿಂತಿತು. ಅವಳ ಕೈಯ ಹೆಸರು ಮಾತ್ರ ಉಳಿದಿತ್ತು. ಕಾಲೇಜಿನ ಜೀವಕೋಶ ವಿಭಾಗದ ದೊಡ್ಡ ಮೇಡಮ್ಮು ಅವಳನ್ನು ಕರೆಸಿಕೊಂಡರು. ಅಲ್ಲಿನ ಕೋಣೆ ಚಿಕ್ಕದು. ಒಂದು ಸೂಕ್ಷ್ಮದರ್ಶಕ, ಅದರ ತಲೆಯ ಮೇಲೊಂದು ಕ್ಯಾಮೆರಾ, ಎರಡು ತಿರುಗುವ ಕುರ್ಚಿ, ಒಂದರ ಚಕ್ರ ಮುರಿದದ್ದು. ಮುರಿದ ಕುರ್ಚಿಯಲ್ಲಿ ಕೂರುತ್ತಿದ್ದವಳು ಸಂಶೋಧನೆಯ ಹುಡುಗಿ. ಮಾತು ಚುರುಕು, ನಡಿಗೆ ಚುರುಕು, ತಿನ್ನುವುದೂ ಚುರುಕು. ವಿಭಾಗದಲ್ಲಿ ಅವಳಿಗೆ ಚೂಟಿ ಎಂದೇ ಹೆಸರು.

ಚೂಟಿಯ ಪ್ರಶ್ನೆ ಕೇಳಲು ಸರಳವಾಗಿತ್ತು. ಕೋಶ ಒಡೆಯುವಾಗ ವರ್ಣತಂತುಗಳು ಎಲ್ಲೆಂದರಲ್ಲಿ ನಿಲ್ಲುತ್ತವೆಯೋ, ಇಲ್ಲ ಯಾರ ಪಕ್ಕ ಯಾರು ಎಂಬ ಕಟ್ಟಳೆ ಇದೆಯೋ? ಇದನ್ನು ಒಂದೆರಡು ಕೋಶ ನೋಡಿ ಹೇಳುವಂತಿಲ್ಲ. ನೂರಾರು ಕೋಶಗಳ ಫೋಟೊ ಬೇಕು. ಪ್ರತಿಯೊಂದರಲ್ಲೂ ನಲವತ್ತಾರರ ಜಾಗ ಗುರುತಿಸಬೇಕು, ಯಾವುದು ಯಾವುದರಿಂದ ಎಷ್ಟು ದೂರ ಎಂದು ಅಳೆಯಬೇಕು, ಆಮೇಲೆ ಲೆಕ್ಕ. ಅಳೆಯುವುದು, ಲೆಕ್ಕ ಹಾಕುವುದು ಚೂಟಿಯ ಪಾಲು. ಗಾಜು ಮಾಡುವುದು, ಫೋಟೊ ತೆಗೆಯುವುದು ಕತ್ತರಿಯಕ್ಕನ ಪಾಲು.

"ಅಕ್ಕಾ, ಒಡೀತಿರೋ ಕೋಶ ಸಿಕ್ಕಿದ್ದೆಲ್ಲ ತೆಗೀರಿ. ಹೇಗಿದ್ರೂ ಪರವಾಗಿಲ್ಲ" ಎಂದು ಮೊದಲ ದಿನವೇ ಹೇಳಿದ್ದಳು ಹುಡುಗಿ.

"ಆಯ್ತು ಕಣೇ" ಎಂದಿದ್ದಳು ಕತ್ತರಿಯಕ್ಕ.

ಆಯ್ತು ಎಂದ ಬಾಯಿ ಒಂದು, ತಿರುಗಣೆ ಹಿಡಿದ ಕೈ ಇನ್ನೊಂದು. ಕೊಳಕಾದದ್ದೊಂದು ಕಂಡಾಗ, ಇದನ್ನು ತೆಗೆದುಕೊಟ್ಟರೆ ಹುಡುಗಿ ಏನೆಂದುಕೊಂಡಾಳು, ಇಷ್ಟು ವರ್ಷದ ಕೈ ಇದೇನಾ ಅಂದಾಳು ಎನಿಸುತ್ತಿತ್ತು. ಬಂದ ಅತಿಥಿಗೆ ಒಡೆದ ಲೋಟದಲ್ಲಿ ನೀರು ಕೊಡುವುದುಂಟೇ? ಹೀಗೆ ಅವಳು ಬಿಟ್ಟಳು, ಬಿಡುತ್ತಲೇ ಹೋದಳು. ಹುಡುಗಿಯೋ ಫೋಟೊಗಳನ್ನು ಕಂಡು ಕುಣಿಯುತ್ತಿದ್ದಳು. "ಅಕ್ಕಾ, ಇದನ್ನ ಚೌಕಟ್ಟು ಹಾಕಿಸಿ ಗೋಡೆಗೆ ಹಾಕ್ಬೇಕು! ಬೇರೆ ಲ್ಯಾಬಿನೋರು ಕಳಿಸೋ ಫೋಟೊ ನೋಡಿದ್ದೀರಾ? ಕೋಳಿ ಕೆದರಿದ ಹಾಗಿರುತ್ತೆ." ಆ ಮಾತು ಕೇಳಿದ ದಿನ ಅವಳ ಕೈ ಇನ್ನಷ್ಟು ಆಯುತ್ತಿತ್ತು.

ಲೆಕ್ಕ ಹೊರಬಂದ ದಿನ ಚೂಟಿ ಓಡಿಬಂದು ಅವಳ ಭುಜ ಹಿಡಿದು ಅಲ್ಲಾಡಿಸಿದಳು. ಆ ಚಿಕ್ಕ ತಲೆಯ ಹತ್ತು ಇದ್ದವಲ್ಲ, ಅವು ಕೋಶ ಒಡೆಯುವಾಗ ಒಂದರಿಂದೊಂದು ದೂರ ನಿಲ್ಲುತ್ತಿದ್ದವು. ಸುಮ್ಮನೆ ಚೆಲ್ಲಿದರೆ ಬೀಳುವುದಕ್ಕಿಂತ ಎಷ್ಟೋ ದೂರ. ಉಳಿದ ಹೊತ್ತಿನಲ್ಲಿ ಅವುಗಳ ತಲೆಗಳು ಕೋಶದೊಳಗೆ ಒಂದೆಡೆ ಸೇರಿರುತ್ತವೆ, ಒಡೆಯುವಾಗಲೂ ಹತ್ತಿರವೇ ಇರುತ್ತವೆ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಒಡೆಯುವ ಗಳಿಗೆ ಬಂದೊಡನೆ ಅವು ಒಂದನ್ನೊಂದು ದೂಡುತ್ತವೆ ಎಂಬುದನ್ನು ಯಾರೂ ಹೇಳಿರಲಿಲ್ಲ. ದೊಡ್ಡ ಮೇಡಮ್ಮೇ ಎರಡು ಸಲ ಲೆಕ್ಕ ನೋಡಿ ಕನ್ನಡಕ ತೆಗೆದಿಟ್ಟರಂತೆ.

"ದೂರಾನಾ?" ಎಂದಳು ಕತ್ತರಿಯಕ್ಕ.

"ದೂರ ಅಕ್ಕಾ! ನಾದಿನಿ ಓರಗಿತ್ತಿ ಥರ!"

ಕತ್ತರಿಯಕ್ಕ ನಕ್ಕಳು. ತಲೆಗೆ ತಲೆ ತಾಗಿಸಿ ನಿಂತವುಗಳ ನೆನಪು ಒಳಗೆಲ್ಲೋ ಒಂದು ಸಲ ಮಿಸುಕಿತು. ಓದಿದವರ ಲೆಕ್ಕ, ನನಗೇನು ತಿಳಿಯುತ್ತದೆ ಎಂದು ಅದನ್ನು ಅಲ್ಲೇ ಒತ್ತಿಬಿಟ್ಟಳು. ತಿಳಿಯದ್ದು ಅಲ್ಲವೆಂದು ಅವಳಿಗೇ ಗೊತ್ತಿತ್ತು. ಹುಡುಗಿಯ ಮುಖದಲ್ಲಿದ್ದ ಬೆಳಕಿನ ಮುಂದೆ ಅದನ್ನು ಎತ್ತಲು ಮನಸ್ಸಾಗಲಿಲ್ಲ.

ಆ ಲೆಕ್ಕದ ಬಲದ ಮೇಲೆ ಚೂಟಿಯ ಪ್ರಬಂಧ ನಿಂತಿತು. ಅದರ ಸುದ್ದಿ ಕೇಳಿ ದೊಡ್ಡ ಸಂಶೋಧನಾಲಯವೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಪ್ರಬಂಧದ ಮೌಖಿಕ ಪರೀಕ್ಷೆ ಮುಗಿದ ಕೂಡಲೇ ಬಂದು ಸೇರಬೇಕು ಎಂದಿದ್ದರು. ಪರೀಕ್ಷೆಗೆ ಹಾಕಿಕೊಳ್ಳಲು ಕೋಟು ಬೇಕೆಂದು ಹುಡುಗಿ ದರ್ಜಿಯ ಹತ್ತಿರ ಬಂದಳು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲಿಗೆದುರಾಗಿ ಹೊಲಿಗೆ ಯಂತ್ರ, ಗೋಡೆಗೆ ಒರಗಿದ ನಿಲುವುಗನ್ನಡಿ, ನಡುವೆ ಬಟ್ಟೆ ಕತ್ತರಿಸುವ ಅಗಲ ಮೇಜು. ದರ್ಜಿ ತೋಳಿನ ಅಳತೆ ತೆಗೆದು, "ಅಲ್ಲಮ್ಮಾ, ಆ ಲೆಕ್ಕ ಲೆಕ್ಕ ಅಂತೀರಲ್ಲ, ಅದೇನು ಲೆಕ್ಕ? ಇವಳನ್ನ ಕೇಳಿದ್ರೆ 'ನಿಮಗೆ ತಿಳಿಯಲ್ಲ ಸುಮ್ನಿರಿ' ಅಂತಾಳೆ" ಎಂದ.

"ತಿಳಿಯದೆ ಏನು ಭಾವ? ಗುಂಡಿ ಡಬ್ಬಿ ಕೊಡಿ ಇಲ್ಲಿ."

ಚೂಟಿ ಡಬ್ಬಿಯಿಂದ ಒಂದು ಹಿಡಿ ಬಿಳಿ ಗುಂಡಿ, ಹತ್ತು ಕರಿ ಗುಂಡಿ ತೆಗೆದುಕೊಂಡು ಮೇಜಿನ ಮೇಲೆ ಚೆಲ್ಲಿದಳು. "ನೋಡಿ, ಕರಿಯವು ಒಂದರಿಂದೊಂದು ಎಷ್ಟು ದೂರ ಬಿದ್ವು ಅಂತ ಅಳೀತೀನಿ. ಆಮೇಲೆ ಬಿದ್ದ ಜಾಗ ಹಾಗೇ ಇಟ್ಟು, ಬಣ್ಣ ಮಾತ್ರ ಅದಲುಬದಲು ಮಾಡ್ತೀನಿ. ಇಲ್ಲಿ ಬಿಳಿ ಇದ್ದಲ್ಲಿ ಕರಿ, ಕರಿ ಇದ್ದಲ್ಲಿ ಬಿಳಿ. ಕಂಪ್ಯೂಟರು ಇದನ್ನ ಸಾವಿರಾರು ಸಲ ಮಾಡುತ್ತೆ. ಸುಮ್ನೆ ಅದೃಷ್ಟಕ್ಕೆ ಕರಿಯವು ಇಷ್ಟು ದೂರ ಬೀಳೋದು ಎಷ್ಟು ಸಲ ಅಂತ ನೋಡೋದು. ಅಪರೂಪಕ್ಕೊಂದು ಸಲ ಬಿದ್ರೆ, ಇದು ಅದೃಷ್ಟ ಅಲ್ಲ, ಹಿಂದೆ ಏನೋ ಕಾರಣ ಇದೆ ಅಂತ ಅರ್ಥ."

"ಕಾರಣ ನಂಗೊತ್ತು. ನಂಗೆ ಕರಿ ಗುಂಡಿ ಬೇಕಾದಾಗೆಲ್ಲ ಬಿಳೀದೇ ಕೈಗೆ ಬರೋದು. ಇದಕ್ಕೂ ಒಂದು ಪದವಿ ಕೊಡ್ತಾರಾ?"

ಹುಡುಗಿ ನಗುತ್ತ ಗುಂಡಿಗಳನ್ನು ಬಾಚಿ ಇನ್ನೊಮ್ಮೆ ಚೆಲ್ಲಿದಳು. ಈ ಸಲ ಒಂದಷ್ಟು ಒಂದರ ಮೇಲೊಂದು ಬಿದ್ದವು. ಮೂರು ಕರಿಯವು ಒಂದೇ ಕಡೆ ಒತ್ತಿಕೊಂಡಿದ್ದವು. ಕುಡಿಯಲು ನೀರು ತಂದ ಕತ್ತರಿಯಕ್ಕ ಲೋಟವನ್ನು ಮೇಜಿನ ಅಂಚಿಗಿಟ್ಟು, ಅಂಗೈಯ ಬದಿಯಿಂದ ಗುಂಡಿಗಳನ್ನು ಒಂದೇ ಸಲಕ್ಕೆ ಬಳಿದುಬಿಟ್ಟಳು. "ಸರಿಯಾಗಿ ಬೀಳ್ಲಿಲ್ಲ ಕಣೇ. ಇನ್ನೊಂದ್ಸಲ ಹಾಕು."

"ಅಯ್ಯೋ ಅಕ್ಕಾ, ಹಾಗೆ ಮಾಡೋ ಹಾಗಿಲ್ಲ! ಅಂಟಿಕೊಂಡು ಬಿದ್ದಿದ್ದನ್ನೆಲ್ಲ ನೀವು ಬಳಿದುಹಾಕಿದ್ರೆ, ಕರಿಯವು ಯಾವತ್ತೂ ದೂರಾನೇ ಇರ್ತವೆ!" ಚೂಟಿ ನೀರು ಕುಡಿದು, ಕನ್ನಡಿಯ ಮುಂದೆ ನಿಂತು, "ಭಾವ, ತೋಳು ಇನ್ನೂ ಒಂದು ಬೆರಳು ಗಿಡ್ಡ ಮಾಡಿ" ಎಂದಳು.

ತನ್ನ ಬಾಯಿಂದ ಬಿದ್ದ ಮಾತು ಏನೆಂದು ಹುಡುಗಿಗೆ ತಿಳಿಯಲಿಲ್ಲ. ಕತ್ತರಿಯಕ್ಕ ಮಾತ್ರ ಅಂಗೈ ಮೇಜಿನ ಮೇಲಿಟ್ಟುಕೊಂಡೇ ನಿಂತಿದ್ದಳು. ಅಂಗೈಯಡಿ ಗುಂಡಿಗಳು ತಣ್ಣಗಿದ್ದವು.

ಮರುದಿನ ಬೆಳಿಗ್ಗೆ ಬೇರೆಯವರು ಬರುವ ಮುಂಚೆ ಅವಳು ಹಳೆಯ ಗಾಜೊಂದನ್ನು ಪೆಟ್ಟಿಗೆಯಿಂದ ತೆಗೆದು ಮಸೂರದಡಿ ಇಟ್ಟಳು. ತಿರುಗಣೆ ತಿರುಗಿಸಿದಳು. ಕೈ ಜಾರಿಸಿಕೊಂಡು ಹೋಗಲು ನೋಡಿತು, ಬಲವಂತದಿಂದ ನಿಲ್ಲಿಸಿದಳು. ಅಲ್ಲಿದ್ದವು. ತಲೆಗೆ ತಲೆ ತಾಗಿಸಿ, ಇಬ್ಬಿಬ್ಬರು, ಮೂವರು, ಒಂದು ಕಡೆಯಂತೂ ಐದು ಸುತ್ತಲೂ ಕೂತ ಹಾಗೆ. ಇನ್ನೊಂದು ಗಾಜು ನೋಡಿದಳು. ಅಲ್ಲೂ ಇದ್ದವು. ಅವು ಯಾವತ್ತೂ ದೂರ ನಿಂತಿರಲಿಲ್ಲ. ಹತ್ತಿರ ನಿಂತಾಗೆಲ್ಲ ಅವಳು ಕಣ್ಣು ಬೇರೆ ಕಡೆ ತಿರುಗಿಸಿದ್ದಳು, ಅಷ್ಟೆ.

ಗಂಡನಿಗೆ ಹೇಳಿದಳು. ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದು ಮೆತ್ತೆಗೆ ಚುಚ್ಚಿ ಕೇಳಿದ. "ಅಂದ್ರೆ, ನೀನು ಒಳ್ಳೇದನ್ನ ಆರಿಸಿಕೊಟ್ಟೆ. ಅದು ತಪ್ಪಾ?"

"ಅವಳು ಎಲ್ಲಾ ತೆಗೀರಿ ಅಂದಿದ್ಲು ರೀ."

"ಡಾಕ್ಟ್ರು ಬಿಡು ಅಂದಿದ್ರಲ್ಲೇ. ಇಷ್ಟು ವರ್ಷ ಅದನ್ನೇ ತಾನೆ ಮಾಡಿದ್ದು?"

"ಅಲ್ಲಿ ಅದು ಸರಿ. ಇಲ್ಲಿ ಅಲ್ಲ."

ದರ್ಜಿ ಮೆತ್ತೆಯಿಂದ ಸೂಜಿ ಕಿತ್ತು ದಾರ ಪೋಣಿಸಿದ. ಆಮೇಲೆ, ಹೇಳಬಾರದೆಂದುಕೊಂಡೇ ಹೇಳಿದ. "ಯಾರಿಗೂ ಗೊತ್ತಾಗಿಲ್ಲ ತಾನೆ? ಹುಡುಗಿ ಕೆಲಸಕ್ಕೆ ಸೇರ್ಕೊಳ್ಳಲಿ ಬಿಡು. ಯಾವುದೋ ನೂಲು ಯಾವುದರ ಪಕ್ಕ ನಿಂತ್ರೆ ಯಾರ ಮನೆ ಮುಳುಗುತ್ತೆ?"

ಅವಳು ಎದ್ದು ಒಳಗೆ ಹೋದಳು. ಅವನ ಮಾತು ತಪ್ಪೆಂದಲ್ಲ. ಅದೇ ಮಾತನ್ನು ಅವಳೂ ಬೆಳಗಿನಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಷ್ಟು ಚಿಕ್ಕದೆಂದು ತಿಳಿಯಿತು.

ಆಮೇಲಿನ ದಿನಗಳಲ್ಲಿ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆಯಾಯಿತು ಅವಳದು. ಯಾರಾದರೂ "ಫೋಟೊ" ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡುತ್ತಿದ್ದಳು. ದೊಡ್ಡ ಮೇಡಮ್ಮು "ಕತ್ತರಿಯಕ್ಕಾ, ಒಂದು ನಿಮಿಷ" ಎಂದು ಕರೆದರೆ ಕೊಡಬೇಕಾದ ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಹೋಗಿ ನೋಡಿದರೆ ಅವರಿಗೆ ಬೇಕಾಗಿದ್ದದ್ದು ಬೀರುವಿನ ಬೀಗದ ಕೈ. ಒಂದು ದಿನ ಚೂಟಿ ಪ್ರಬಂಧದ ಆರಂಭದ ಪುಟ ತಂದು ತೋರಿಸಿದಳು. "ಕೃತಜ್ಞತೆಯಲ್ಲಿ ಅಮ್ಮನಿಗಿಂತ ಮುಂಚೆ ನಿಮ್ಮ ಹೆಸರಿದೆ ನೋಡಿ. ಅಮ್ಮಂಗೆ ಹೇಳ್ಬೇಡಿ, ಕಿವಿ ಹಿಂಡ್ತಾಳೆ." ಕತ್ತರಿಯಕ್ಕ ಆ ಸಾಲನ್ನು ಓದಲಿಲ್ಲ. ಓದಿದ ಹಾಗೆ ಕಣ್ಣಾಡಿಸಿ, ಕೈ ತೊಳೆಯುವ ನೆಪ ಹೇಳಿ ಹೊರಗೆ ಹೋದಳು.

ಅವಳನ್ನು ಕೊರೆಯುತ್ತಿದ್ದದ್ದು ಇದೊಂದೇ ಅಲ್ಲ. ಆಸ್ಪತ್ರೆ ಬಿಡುವ ಕೊನೆಯ ವರ್ಷ ಹೊಸ ಡಾಕ್ಟರೊಬ್ಬರು ಬಂದಿದ್ದರು. ರಕ್ತದ ಕ್ಯಾನ್ಸರಿನ ಗಾಜು ನೋಡುವಾಗ ಅವರು ಹೇಳಿದ್ದರು, "ರೋಗದ ಕೋಶ ಚೆಂದ ಇರಲ್ಲಮ್ಮ. ಕೊಳಕಾಗಿರೋದನ್ನೇ ಹುಡುಕಿ ನೋಡಿ." ಅಂದಿನಿಂದ ಅವಳು ಹಾಗೆಯೇ ನೋಡಿದ್ದಳು. ಅದಕ್ಕೂ ಹಿಂದೆ? ಆ ಗಾಜುಗಳನ್ನು ಎಂದೋ ಎಸೆದಾಗಿತ್ತು. ಅವುಗಳ ಹಿಂದಿನ ಮನುಷ್ಯರ ಮುಖವನ್ನು ಅವಳು ಕಂಡವಳೇ ಅಲ್ಲ. ಆ ಕಡೆ ಯೋಚನೆ ಹೋದಾಗ, ಹೋಗಿ ಕೇಳಲು ಯಾರೂ ಉಳಿದಿಲ್ಲವೆಂಬುದು ಎದುರಾಗುತ್ತಿತ್ತು. ಇಲ್ಲಿ ಮಾತ್ರ ಎಲ್ಲ ಇತ್ತು. ಗಾಜು ಪೆಟ್ಟಿಗೆಯಲ್ಲೇ ಇದ್ದವು, ಹುಡುಗಿ ಪಕ್ಕದ ಕುರ್ಚಿಯಲ್ಲೇ ಇದ್ದಳು.

ಹೇಳಿದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಚೂಟಿ ಮುರಿದ ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು.

"ನಿಂಗೊಂದು ತೋರಿಸ್ಬೇಕು, ಬಾ ಇಲ್ಲಿ."

"ಊಟ ಆದ್ಮೇಲೆ ತೋರಿಸಿ ಅಕ್ಕಾ, ಹೊಟ್ಟೆ ಚುರುಗುಟ್ತಿದೆ."

"ಆದ್ಮೇಲೆ ನಂಗೆ ಆಗಲ್ಲ. ಈಗ್ಲೇ ನೋಡು."

ಹುಡುಗಿ ಒಂದು ತುತ್ತು ಬಾಯಿಗೆ ಹಾಕಿಕೊಂಡೇ ಬಂದು ಕಣ್ಣು ಹಚ್ಚಿದಳು. ಕತ್ತರಿಯಕ್ಕ ತಿರುಗಣೆ ತಿರುಗಿಸಿದಳು. ಒಂದು ಕೋಶ, ಇನ್ನೊಂದು, ಮತ್ತೊಂದು. ಹುಡುಗಿಯ ಅಗಿಯುವಿಕೆ ನಿಧಾನವಾಯಿತು, ಆಮೇಲೆ ನಿಂತಿತು.

"ಇದು ಯಾವ ಗಾಜು?"

"ನಮ್ದೇ."

"ನಮ್ದು ಅಂದ್ರೆ? ಇಂಥ ಫೋಟೊ ಒಂದೂ ಬಂದಿಲ್ವಲ್ಲ?"

"ನಾನು ತೆಗೀಲಿಲ್ಲ. ಬಿಟ್ಟೆ. ಎಲ್ಲಾ ಗಾಜಲ್ಲೂ ಬಿಟ್ಟೆ."

ಚೂಟಿ ಕಣ್ಣನ್ನು ಮಸೂರದಿಂದ ತೆಗೆಯಲಿಲ್ಲ. "ಎಲ್ಲಾ ತೆಗೀರಿ ಅಂದಿದ್ದೆ."

"ಅಂದಿದ್ದೆ."

"ನೀವು ಆಯ್ತು ಅಂದಿದ್ರಿ."

"ಅಂದಿದ್ದೆ ಕಣೇ."

ಬಯ್ಯುತ್ತಾಳೆ ಎಂದುಕೊಂಡಿದ್ದಳು ಕತ್ತರಿಯಕ್ಕ. ಹುಡುಗಿ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದಳು. ಡಬ್ಬಿಯ ಮುಚ್ಚಳ ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ತೆಗೆದು ಹಾಕಿದಳು. ಆಮೇಲೆ ದೊಡ್ಡ ಮೇಡಮ್ಮಿನ ಕೋಣೆಗೆ ಹೋದಳು.

ದೊಡ್ಡ ಮೇಡಮ್ಮು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದರು. ಕೂಗಾಡಲಿಲ್ಲ. ಪರೀಕ್ಷೆಯನ್ನು ಮುಂದಕ್ಕೆ ಹಾಕಿದರು. "ಎಲ್ಲ ಗಾಜನ್ನೂ ಮೊದಲಿಂದ ನೋಡಿ. ಈ ಸಲ ಯಾವುದನ್ನೂ ಬಿಡೋ ಹಾಗಿಲ್ಲ. ಮತ್ತೆ, ಪ್ರತಿ ಕೋಶಕ್ಕೂ ಇವರನ್ನ ಕೇಳು: ಆಗ ಬಿಡ್ತಿದ್ರಾ, ತೆಗೀತಿದ್ರಾ ಅಂತ. ಬಿಡ್ತಿದ್ದೆ ಅಂದಿದ್ದನ್ನ ಹೊರಗಿಟ್ಟು ಒಂದು ಲೆಕ್ಕ, ಎಲ್ಲ ಸೇರಿಸಿ ಒಂದು ಲೆಕ್ಕ. ಆಗ ತಿಳಿಯುತ್ತೆ, ಆ ದೂರ ಕೋಶದ್ದೋ, ಇವರ ಕೈಯದ್ದೋ."

ಯಾವ ಫೋಟೊ ಗಾಜಿನ ಯಾವ ಮೂಲೆಯದೆಂದು ಕತ್ತರಿಯಕ್ಕ ಗುರುತಿಟ್ಟಿರಲಿಲ್ಲ. ಆದ್ದರಿಂದ ಅವಳ ಬಾಯಿಮಾತೇ ಆಧಾರ. ಅವಳು ಹೇಳಿದ್ದೇ ಲೆಕ್ಕಕ್ಕೆ ಹೋಗುವುದು.

ಹೀಗೆ ಇಬ್ಬರೂ ಮತ್ತೆ ಆ ಚಿಕ್ಕ ಕೋಣೆಯಲ್ಲಿ ಕೂತರು. ಈಗ ಕ್ಯಾಮೆರಾದ ಗುಂಡಿ ಒತ್ತುವುದು ಹುಡುಗಿ, ಗಾಜು ಜರುಗಿಸುವುದು ಕತ್ತರಿಯಕ್ಕ. ಗಾಜಿನ ಒಂದು ತುದಿಯಿಂದ ಹೊರಟು, ಉಳುವವರ ಹಾಗೆ ಸಾಲು ಹಿಡಿದು ಇನ್ನೊಂದು ತುದಿಗೆ, ಅಲ್ಲಿಂದ ತಿರುಗಿ ಮತ್ತೊಂದು ಸಾಲು. ಕೋಶ ಸಿಕ್ಕಿದಾಗೆಲ್ಲ ಒಂದೇ ಪ್ರಶ್ನೆ.

"ಇದು?"

"ಬಿಡ್ತಿದ್ದೆ."

ಟಕ್ ಎಂದು ಫೋಟೊ.

"ಇದು?"

"ತೆಗೀತಿದ್ದೆ."

"ಇದು?"

"ಬಿಡ್ತಿದ್ದೆ."

ಬೇರೆ ಮಾತಿರಲಿಲ್ಲ. ಹಿಂದೆ ಈ ಕೋಣೆಯಲ್ಲಿ ಸಿನಿಮಾದಿಂದ ಹಿಡಿದು ಹಾಸ್ಟೆಲಿನ ಬೆಕ್ಕಿನವರೆಗೆ ಎಲ್ಲ ಬಂದು ಹೋಗುತ್ತಿತ್ತು. ಈಗ ಹುಡುಗಿ ಅಕ್ಕಾ ಎಂದು ಕರೆಯುತ್ತಿರಲಿಲ್ಲ. ನೀವು ಎನ್ನುತ್ತಿದ್ದಳು, ಅಷ್ಟೆ. ಕತ್ತರಿಯಕ್ಕನಿಗೆ ಹೆಚ್ಚು ನೋವಾದದ್ದು ಆ ಮೌನಕ್ಕಲ್ಲ, ತನ್ನ ಉತ್ತರಗಳಿಗೆ. ಬಿಡ್ತಿದ್ದೆ, ಬಿಡ್ತಿದ್ದೆ ಎಂದು ದಿನವಿಡೀ ತನ್ನದೇ ಸ್ವರ ಕಿವಿಗೆ ಬೀಳುತ್ತಿತ್ತು. ಇಷ್ಟೊಂದು ಬಿಟ್ಟಿದ್ದೆನೆಂದು ಅವಳಿಗೇ ತಿಳಿದಿರಲಿಲ್ಲ. ಅಲ್ಲೊಂದು ಇಲ್ಲೊಂದು ಎಂದುಕೊಂಡಿದ್ದಳು. ಕೆಲವು ಗಾಜಿನಲ್ಲಿ ಬಿಟ್ಟವೇ ಹೆಚ್ಚಿದ್ದವು.

ಒಂದು ಬೆಳಿಗ್ಗೆ, ಬಿಡ್ತಿದ್ದೆ ಎಂದು ಒಂದೇ ಸಮನೆ ಎಷ್ಟೋ ಸಲ ಹೇಳಿದ ಮೇಲೆ, ಇನ್ನೊಂದು ಬಂತು. ಎರಡು ಚಿಕ್ಕ ತಲೆಗಳು ಕೂಡಿಕೊಂಡಿದ್ದವು. ಉಳಿದದ್ದು ಚೊಕ್ಕವಾಗಿತ್ತು.

"ಇದು?"

"ತೆಗೀತಿದ್ದೆ" ಎಂದುಬಿಟ್ಟಳು.

ಟಕ್. ಗಾಜು ಮುಂದೆ ಜರುಗಿತು. ಇನ್ನೂ ಕೆಲವು ಕೋಶ ಕಳೆದವು. ಪ್ರಶ್ನೆಗೆ ಉತ್ತರ ಹೇಳುತ್ತಲೇ ಇದ್ದಳು. ಮನಸ್ಸು ಮಾತ್ರ ಹಿಂದಿನ ಸಾಲಿನಲ್ಲೇ ಕೂತಿತ್ತು. ಕೊನೆಗೆ ತಿರುಗಣೆಯಿಂದ ಕೈ ತೆಗೆದಳು.

"ಹಿಂದಕ್ಕೆ ಹೋಗ್ಬೇಕು. ಒಂದು ಸುಳ್ಳು ಹೇಳ್ದೆ."

ಹುಡುಗಿ ಅವಳನ್ನು ನೋಡಿದಳು. ಎಷ್ಟೋ ದಿನದ ಮೇಲೆ ನೇರವಾಗಿ. "ಯಾವುದು?"

ಕತ್ತರಿಯಕ್ಕ ಗಾಜನ್ನು ಹಿಂದಕ್ಕೆ ಜರುಗಿಸಿ ತೋರಿಸಿದಳು. "ಇದು. ಬಿಡ್ತಿದ್ದೆ."

"ಇದೊಂದೇನಾ?"

"ಇದೊಂದೇ."

"ನಂಬ್ಲಾ?"

ಕತ್ತರಿಯಕ್ಕ ಗಾಜನ್ನು ಮೊದಲ ತುದಿಗೆ ಜರುಗಿಸಿದಳು. "ಬೇಕಿದ್ರೆ ಈ ಗಾಜು ಮೊದಲಿಂದ ನೋಡೋಣ" ಎಂದಳು. ಮೊದಲಿಂದ ನೋಡಿದರು.

ಅರ್ಧದಷ್ಟು ಗಾಜುಗಳು ಮುಗಿಯುವಷ್ಟರಲ್ಲೇ ಲೆಕ್ಕ ಮಗ್ಗುಲು ಬದಲಿಸಿತ್ತು. ಬಿಟ್ಟವನ್ನು ಹೊರಗಿಟ್ಟರೆ ಆ ಹತ್ತು ದೂರ ನಿಲ್ಲುತ್ತಿದ್ದವು. ಬಿಟ್ಟವನ್ನು ಸೇರಿಸಿದರೆ ದೂರ ಕರಗಿಹೋಗಿ, ಬದಲಿಗೆ ಹತ್ತಿರ ಬರುತ್ತಿದ್ದವು. ಹಿಂದಿನವರು ಕಂಡುಕೊಂಡದ್ದೇ ಅದು. ಹೊಸದೇನೂ ಇರಲಿಲ್ಲ. ಚೂಟಿ ಅದನ್ನು ಹೇಳಲಿಲ್ಲ. ಕಂಪ್ಯೂಟರಿನ ಪರದೆಯನ್ನು ಮಾತ್ರ ಕತ್ತರಿಯಕ್ಕನ ಕಡೆ ತಿರುಗಿಸಿಟ್ಟಳು. ಎರಡು ಗೆರೆಗಳಿದ್ದವು. ಒಂದು ಮೇಲೆ, ಒಂದು ಕೆಳಗೆ. ವಿವರಿಸಬೇಕಾದದ್ದೇನೂ ಇರಲಿಲ್ಲ.

ಸಂಶೋಧನಾಲಯದವರು ಕೊಟ್ಟ ಗಡುವು ಅದೇ ವಾರ ಮುಗಿಯುವುದಿತ್ತು. ಎರಡು ಲೋಟ ಚಹಾ ಹಿಡಿದುಕೊಂಡು ಬಂದ ಕತ್ತರಿಯಕ್ಕ, ಒಳಗೆ ಹುಡುಗಿ ಫೋನಿನಲ್ಲಿ ಮಾತಾಡುತ್ತಿರುವುದು ಕೇಳಿ ಬಾಗಿಲಲ್ಲೇ ನಿಂತಳು.

"ಇಲ್ಲ ಸರ್, ಆ ಫಲಿತಾಂಶ ನಿಲ್ಲಲ್ಲ... ಹೌದು ಸರ್, ಪೂರ್ತಿ... ಕೋಶ ಆರಿಸೋದ್ರಲ್ಲೇ ತಪ್ಪಾಗಿತ್ತು." ಸ್ವಲ್ಪ ಹೊತ್ತು ಆ ಕಡೆಯವರ ಮಾತು. "ಇಲ್ಲ ಸರ್. ನನ್ನದೇ. ನಾನು ಒಂದ್ಸಲನಾದ್ರೂ ಗಾಜು ನೋಡ್ಬೇಕಿತ್ತು, ನೋಡ್ಲಿಲ್ಲ. ಫೋಟೊ ಚೆನ್ನಾಗಿದೆ ಅಂತ ಖುಷಿಪಟ್ಟೆ ಅಷ್ಟೆ." ಮತ್ತೆ ಆ ಕಡೆಯ ಮಾತು, ಈ ಸಲ ಚಿಕ್ಕದು. "ತಿಳೀತು ಸರ್. ಬೇರೆಯವರನ್ನ ತಗೊಳ್ಳಿ. ಥ್ಯಾಂಕ್ಸ್ ಸರ್."

ಲೋಟಗಳು ಬೆರಳು ಸುಡುತ್ತಿದ್ದವು. ಬದಲಾಯಿಸಿ ಹಿಡಿಯಲೂ ಅವಳಿಗೆ ತೋಚಲಿಲ್ಲ. ಒಳಗೆ ಹೋಗಿ ಮೇಜಿನ ಮೇಲಿಟ್ಟಳು.

"ನನ್ನ ಹೆಸರು ಹೇಳ್ಬೇಕಿತ್ತು."

"ಹೇಳಿ ಏನಾಗ್ತಿತ್ತು?"

"ಅವರು ನಿನ್ನನ್ನ ತಗೋತಿದ್ರೇನೋ. ಮಾಡಿದೋಳು ನಾನು."

"ಮಾಡಿದೋರು ನೀವೇ. ಅದರಲ್ಲಿ ಅನುಮಾನ ಇಲ್ಲ" ಎಂದಳು ಹುಡುಗಿ. ಸ್ವರದಲ್ಲಿ ಕರುಣೆ ಇರಲಿಲ್ಲ. "ಕೈಗೆ ಬಂದಿದ್ದನ್ನ ಕಣ್ಣು ಮುಚ್ಚಿ ತಗೊಂಡೋಳು ನಾನು. ನಿಮ್ಮ ಮೇಲೆ ಹಾಕಿ ಹೋದ್ರೆ, ಅಲ್ಲೂ ಹೀಗೇ ಕಣ್ಣು ಮುಚ್ಚಿಕೊಂಡೇ ಇರ್ತೀನಿ."

"ನನ್ನನ್ನ ಬಯ್ಯಾದ್ರೂ ಬಯ್ಯೇ."

"ಬಯ್ದ್ರೆ ನಿಮಗೆ ಹಗುರಾಗುತ್ತೆ. ನಂಗೇನು ಬಂತು?"

ಅದು ನಿಜವೇ ಆಗಿತ್ತು. ಇಷ್ಟು ದಿನ ಕತ್ತರಿಯಕ್ಕ ಕಾದಿದ್ದದ್ದು ಬೈಗುಳಕ್ಕೇ. ಒಂದು ದಿನ ಈ ಹುಡುಗಿ ಸಿಟ್ಟಿಗೆದ್ದು ಬಾಯಿಗೆ ಬಂದಂತೆ ಅಂದುಬಿಟ್ಟರೆ, ತಾನು ಅತ್ತುಬಿಟ್ಟರೆ, ಅಲ್ಲಿಗೆ ಮುಗಿಯುತ್ತದೆಂದು. ಮುಗಿಯುವಂಥದ್ದನ್ನು ಅವಳು ಮಾಡಿರಲಿಲ್ಲ.

ಹುಡುಗಿ ಚಹಾ ಒಂದು ಗುಟುಕು ಕುಡಿದು, ಮುಖ ಕಿವಿಚಿ, ಲೋಟ ದೂರ ಸರಿಸಿದಳು. ಕಣ್ಣು ಕೆಂಪಗಿತ್ತು. ಕ್ಯಾಮೆರಾದ ಗುಂಡಿಯ ಮೇಲೆ ಬೆರಳಿಟ್ಟಳು.

"ಇನ್ನೂ ಅರ್ಧದಷ್ಟು ಗಾಜುಗಳಿವೆ. ಮುಗಿಸದೆ ಬರೆಯೋಕಾಗಲ್ಲ. ಮುಂದಿನದು ಹಾಕಿ."

ಕತ್ತರಿಯಕ್ಕ ಪೆಟ್ಟಿಗೆಯಿಂದ ಮುಂದಿನ ಗಾಜು ತೆಗೆದು, ಅಂಚು ಹಿಡಿದು, ಒಂದು ಹನಿ ಎಣ್ಣೆ ಬಿಟ್ಟು ಮಸೂರದಡಿ ಕೂರಿಸಿದಳು. ತಿರುಗಣೆಯನ್ನು ಮೆಲ್ಲಗೆ, ಒಂದನ್ನೂ ದಾಟಿ ಹೋಗದಷ್ಟು ಮೆಲ್ಲಗೆ ತಿರುಗಿಸಿದಳು. ನೇರಳೆ ಬಣ್ಣದ ಒಂದು ಗುಂಪು ಬೆಳಕಿನೊಳಗೆ ಬಂದು ನಿಂತಿತು. ಅಡ್ಡಾದಿಡ್ಡಿ ಬಿದ್ದಿದ್ದವು. ಒಂದರ ಕಾಲ ಮೇಲೆ ಇನ್ನೊಂದರ ಕಾಲು. ಅಂಚಿನಲ್ಲಿ ಮೂರು ಚಿಕ್ಕ ತಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು.

"ಇದು?"

"ಬಿಡ್ತಿದ್ದೆ" ಎಂದಳು ಕತ್ತರಿಯಕ್ಕ.